ಡಿಲೀಟ್ ಒತ್ತಿದ ಮೇಲೆ ಡಿಸ್ಕಿನಲ್ಲಿ ಏನಾಗುತ್ತದೆ?

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತು. ಆಧಾರ್ ಜೆರಾಕ್ಸನ್ನು ಕೇಳಿದವರಿಗೆಲ್ಲ ಕೊಡಬೇಡಿ, ಬದಲಿಗೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಅದರಲ್ಲಿತ್ತು. ಹಾಗಾದರೆ ಇಷ್ಟು ವರ್ಷ ಎಲ್ಲೆಲ್ಲೋ ಕೊಟ್ಟು ಬಂದ ಪ್ರತಿಗಳ ಗತಿಯೇನು ಎಂದು ಜನ ಗಾಬರಿಬಿದ್ದರು. ಎರಡೇ ದಿನಕ್ಕೆ, ಮೇ 29ರಂದು, ತಪ್ಪು ತಿಳಿವಳಿಕೆಗೆ ಎಡೆಯಾಗಬಹುದೆಂದು ಕೇಂದ್ರ ಸರ್ಕಾರ ಆ ಪ್ರಕಟಣೆಯನ್ನು ಹಿಂಪಡೆಯಿತು. ಗದ್ದಲದಲ್ಲಿ ಅದರೊಳಗಿನ ಇನ್ನೊಂದು ಮಾತು ಹಿಂದೆ ಉಳಿಯಿತು. ಸೈಬರ್ ಸೆಂಟರಿನಂಥ ಕಡೆ ಇ-ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಬೇಡಿ, ಮಾಡಿಕೊಂಡರೆ ಆ ಕಂಪ್ಯೂಟರಿನಿಂದ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಡಿಲೀಟ್ ಮಾಡಿ ಬನ್ನಿ ಎಂಬ ಮಾತು ಅದು.

ಶಾಶ್ವತವಾಗಿ ಡಿಲೀಟ್ ಮಾಡುವುದು ಎಂದರೇನು? ಪ್ರಕಟಣೆ ವಾಪಸಾದರೂ ಈ ಪ್ರಶ್ನೆ ವಾಪಸಾಗಿಲ್ಲ. ಅಲ್ಲಾಳಸಂದ್ರದ ಯಾವುದಾದರೊಂದು ಜೆರಾಕ್ಸ್ ಅಂಗಡಿಯಲ್ಲಿ ಸಂಜೆ ಹೊತ್ತು ಸ್ವಲ್ಪ ನಿಂತು ನೋಡಿ. ಹೆಬ್ಬಾಳದಿಂದ ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ದಾಟಿದರೆ ಸಿಗುವ ಊರು ಇದು. ಪಕ್ಕದಲ್ಲಿ ಜುಡಿಷಿಯಲ್ ಲೇಔಟು, ಒಳಗೆ ಕೆರೆ, ಹಳೇ ಮನೆಗಳ ನಡುವೆಯೇ ಎದ್ದ ಅಪಾರ್ಟ್‌ಮೆಂಟುಗಳು. ಆಗಿನ ಬಿಬಿಎಂಪಿ ವ್ಯಾಪ್ತಿಯಲ್ಲಿ 2024ರ ಅಕ್ಟೋಬರಿನಿಂದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ ಇಂಥ ಅಂಗಡಿಗಳಿಗೆ ಬರುವ ಕಾಗದಗಳ ತೂಕವೇ ಬೇರೆಯಾಗಿದೆ. ಕ್ರಯಪತ್ರ, ತೆರಿಗೆ ಕಟ್ಟಿದ ರಸೀದಿ, ಆಧಾರ್, ಮನೆಯ ಫೋಟೋ ಎಲ್ಲವೂ ವಾಟ್ಸ್‌ಆ್ಯಪ್ ಮೂಲಕ ಅಂಗಡಿಯ ಕಂಪ್ಯೂಟರಿಗೆ ಇಳಿಯುತ್ತವೆ. ಕೆಲಸ ಮುಗಿದ ಮೇಲೆ ಗಿರಾಕಿ ಹೇಳುವ ಮಾತು ಸಾಮಾನ್ಯವಾಗಿ ಒಂದೇ: “ಅಣ್ಣ, ಪ್ರಿಂಟ್ ತೆಗೆದ್ಮೇಲೆ ಡಿಲೀಟ್ ಮಾಡ್ಬಿಡಿ.” ಅಂಗಡಿಯವರು ಮಾನಿಟರನ್ನು ಇತ್ತ ತಿರುಗಿಸಿ ತೋರಿಸುತ್ತಾರೆ: “ಮಾಡ್ದೆ ಮೇಡಂ, ನೋಡಿ, ಇಲ್ಲಿಲ್ಲ.”

ಅವರು ಸುಳ್ಳು ಹೇಳುತ್ತಿಲ್ಲ. ಫೈಲು ಅಲ್ಲಿಲ್ಲ ಎಂಬುದು ನಿಜ. ಎಲ್ಲೂ ಇಲ್ಲ ಎನ್ನುವುದು ಮಾತ್ರ ಬೇರೆ ಸಂಗತಿ. ಈ ಎರಡರ ನಡುವಿನ ಅಂತರವನ್ನು ಅರಿಯಲು ಆಪರೇಟಿಂಗ್ ಸಿಸ್ಟಂನ ಒಳಕ್ಕೆ ಸ್ವಲ್ಪ ಇಳಿಯಬೇಕು.

ಫೋಟೋ ತೋರಿಸುವ ಆ್ಯಪ್ ಆಗಲಿ, ಫೋಲ್ಡರ್ ತೆರೆದು ತೋರಿಸುವ ಪ್ರೋಗ್ರಾಂ ಆಗಲಿ ಡಿಸ್ಕನ್ನು ತಾನೇ ಮುಟ್ಟುವಂತಿಲ್ಲ. ಡಿಸ್ಕಿನ ಹೊಣೆ ಪೂರ್ತಿ ಕರ್ನಲ್‌ನದು, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನದು. ಏನಾದರೂ ಆಗಬೇಕಿದ್ದರೆ ಪ್ರೋಗ್ರಾಂ ಕರ್ನಲ್‌ಗೆ ಕೇಳಿಕೊಳ್ಳಬೇಕು. ಹೀಗೆ ಕೇಳಲು ಗೊತ್ತುಮಾಡಿದ ದಾರಿಗೆ ಸಿಸ್ಟಂ ಕಾಲ್ ಎನ್ನುತ್ತಾರೆ. ಫೈಲು ತೆರೆಯಲು ಒಂದು, ಓದಲು ಒಂದು, ಬರೆಯಲು ಒಂದು, ಹೀಗೆ ಪ್ರತಿ ಕೆಲಸಕ್ಕೂ ಬೇರೆ ಬೇರೆ ಇವೆ. ಡಿಲೀಟ್ ಮಾಡಲು ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿರುವುದು ಅನ್‌ಲಿಂಕ್. ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಕಟ್ಟಿದ ಯುನಿಕ್ಸ್‌ನ 1971ರ ಮೊದಲ ಕೈಪಿಡಿಯಲ್ಲೇ ಅದು ಇದೆ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನು ಓಡುವುದು ಲಿನಕ್ಸ್ ಕರ್ನಲ್ ಮೇಲಾದ್ದರಿಂದ, ಫೋಟೋ ಅಳಿಸಿದಾಗ ಅದೂ ಕೊನೆಗೆ ಬಂದು ನಿಲ್ಲುವುದು ಈ ಕಾಲ್ ಹತ್ತಿರವೇ.

ಈಗ ಡೈರೆಕ್ಟರಿಯ ಕಡೆ ಬರೋಣ. ತೆರೆಯ ಮೇಲೆ ಅದು ಹಳದಿ ಫೋಲ್ಡರಿನ ಚಿತ್ರವಾಗಿ ಕಾಣುವುದರಿಂದ ಫೈಲುಗಳೆಲ್ಲ ಅದರ ಹೊಟ್ಟೆಯೊಳಗಿವೆ ಎಂದುಕೊಳ್ಳುತ್ತೇವೆ. ಹಾಗಿಲ್ಲ. ಡೈರೆಕ್ಟರಿ ಎಂದರೆ ಒಂದು ಪಟ್ಟಿ. ಯುನಿಕ್ಸ್‌ನ 1975ರ ಆರನೇ ಆವೃತ್ತಿಯಲ್ಲಿ ಆ ಪಟ್ಟಿಯ ಪ್ರತಿ ಸಾಲಿಗೂ 16 ಬೈಟು. ಎರಡು ಬೈಟಿನಲ್ಲಿ ಒಂದು ನಂಬರು, ಉಳಿದ 14 ಬೈಟಿನಲ್ಲಿ ಹೆಸರು, ಅಷ್ಟೇ. ಆ ನಂಬರು ತೋರಿಸುವುದು ಐನೋಡ್ ಎಂಬ ದಾಖಲೆಯನ್ನು. ಫೈಲಿನ ಯಜಮಾನ ಯಾರು, ಯಾರು ಓದಬಹುದು, ಗಾತ್ರವೆಷ್ಟು, ಕೊನೆಯ ಬಾರಿ ಬದಲಾದದ್ದು ಯಾವಾಗ, ಒಳಗಿನ ವಿಷಯ ಡಿಸ್ಕಿನ ಯಾವ ಯಾವ ಬ್ಲಾಕಿನಲ್ಲಿದೆ ಎಂಬುದೆಲ್ಲ ಐನೋಡಿನಲ್ಲಿದೆ. ಫೈಲಿನ ಹೆಸರು ಮಾತ್ರ ಅಲ್ಲಿಲ್ಲ. ಹೆಸರು ಇರುವುದು ಡೈರೆಕ್ಟರಿಯ ಸಾಲಿನಲ್ಲಷ್ಟೆ.

ಐನೋಡ್ ನಂಬರನ್ನು ಜಮೀನಿನ ಸರ್ವೆ ನಂಬರ್ ಎಂದುಕೊಂಡರೆ ಇದು ಸುಲಭವಾಗಿ ತಲೆಗೆ ಹತ್ತುತ್ತದೆ. ಯಲಹಂಕ ಹೋಬಳಿಯ ಹಳೇ ಮನೆತನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಹಣಿಯಲ್ಲಿರುವುದು ಹೆಸರು, ಜಮೀನಿರುವುದು ನೆಲದಲ್ಲಿ. ಒಂದೇ ಸರ್ವೆ ನಂಬರಿಗೆ ಇಬ್ಬರ ಹೆಸರು ಜಂಟಿಯಾಗಿ ಇರಬಹುದು. ಒಬ್ಬರ ಹೆಸರು ಹೊಡೆದರೆ ಇನ್ನೊಬ್ಬರದು ಉಳಿಯುತ್ತದೆ. ಇಬ್ಬರ ಹೆಸರು ಹೊಡೆದರೂ ಮಣ್ಣು ಅಲ್ಲೇ ಇರುತ್ತದೆ, ಹಿಂದಿನ ಬೆಳೆಯ ಕೂಳೆಯ ಸಮೇತ.

ಫೈಲಿಗೂ ಹೀಗೆ ಒಂದಕ್ಕಿಂತ ಹೆಚ್ಚು ಹೆಸರಿರಬಹುದು. ಹಾರ್ಡ್ ಲಿಂಕ್ ಎಂದು ಕರೆಯುವುದು ಇದನ್ನೇ. ಒಂದು ಫೈಲಿಗೆ ಎಷ್ಟು ಹೆಸರಿವೆ ಎಂಬ ಲೆಕ್ಕವನ್ನೂ ಐನೋಡು ಇಟ್ಟುಕೊಂಡಿರುತ್ತದೆ.

‘ಗಿರಾಕಿ’ ಎಂಬ ಡೈರೆಕ್ಟರಿಯಲ್ಲಿ ‘ಆಧಾರ್.ಪಿಡಿಎಫ್’ ಎಂಬ ಫೈಲು ಇದೆ, ಅದನ್ನು ಅನ್‌ಲಿಂಕ್ ಮಾಡಬೇಕು ಎಂದು ಪ್ರೋಗ್ರಾಂ ಕೇಳಿತು ಎನ್ನಿ. ಕರ್ನಲ್ ಮೊದಲು ದಾರಿ ಹಿಡಿದು ನಡೆಯುತ್ತದೆ. ಮೂಲ ಡೈರೆಕ್ಟರಿಯಿಂದ ಹೊರಟು ಒಂದೊಂದೇ ಹೆಸರು ಹುಡುಕಿ, ನಂಬರು ಹಿಡಿದು, ‘ಗಿರಾಕಿ’ಯವರೆಗೆ ಬರುತ್ತದೆ. ಆಮೇಲೆ ಅನುಮತಿ ಪರೀಕ್ಷೆ. ಇಲ್ಲಿ ಕಂಪ್ಯೂಟರ್ ಕಲಿಯುವ ಹುಡುಗರು ತಪ್ಪದೆ ಎಡವುತ್ತಾರೆ. ಫೈಲಿನ ಮೇಲೆ ಬರೆಯುವ ಅನುಮತಿ ಇದೆಯೇ ಎಂದು ಕರ್ನಲ್ ಕೇಳುವುದೇ ಇಲ್ಲ. ಅದು ಕೇಳುವುದು ಡೈರೆಕ್ಟರಿಯೊಳಗೆ ಬರೆಯುವ ಅನುಮತಿಯನ್ನು. ಬದಲಾಗಲಿರುವುದು ಫೈಲಲ್ಲ, ಪಟ್ಟಿ. ಆದ್ದರಿಂದ ಬೇರೆಯವರಿಗೆ ಸೇರಿದ, ನಾವು ತೆರೆದು ಓದಲೂ ಆಗದ ಫೈಲನ್ನು ನಮ್ಮ ಡೈರೆಕ್ಟರಿಯಲ್ಲಿದ್ದರೆ ನಾವೇ ಕಿತ್ತುಹಾಕಬಹುದು. ಎಲ್ಲರೂ ಬರೆಯಬಹುದಾದ ತಾತ್ಕಾಲಿಕ ಡೈರೆಕ್ಟರಿಯಲ್ಲಿ ಒಬ್ಬರ ಫೈಲನ್ನು ಇನ್ನೊಬ್ಬರು ಹಾರಿಸಿಬಿಡಬಾರದಲ್ಲ, ಅದಕ್ಕೆಂದೇ ಸ್ಟಿಕಿ ಬಿಟ್ ಎಂಬ ಪ್ರತ್ಯೇಕ ಕಾವಲು ಇಟ್ಟಿದ್ದಾರೆ.

ಈ ಕೆಲಸ ನಡೆಯುವಾಗ ಡೈರೆಕ್ಟರಿಗೆ ಬೀಗ ಬಿದ್ದಿರುತ್ತದೆ. ಅದೇ ಹೊತ್ತಿಗೆ ಇನ್ನೊಂದು ಪ್ರೋಗ್ರಾಂ ಅದೇ ಪಟ್ಟಿಯನ್ನು ತಿದ್ದಬಾರದು. ಸಾಲು ಹೋಗುತ್ತದೆ. ಐನೋಡಿನಲ್ಲಿರುವ ಹೆಸರಿನ ಲೆಕ್ಕ ಒಂದು ಕಮ್ಮಿಯಾಗುತ್ತದೆ. ಬೀಗ ತೆಗೆಯುತ್ತದೆ. ಲೆಕ್ಕ ಇನ್ನೂ ಸೊನ್ನೆಯಾಗಿರದಿದ್ದರೆ ಕೆಲಸ ಅಲ್ಲಿಗೇ ಮುಗಿಯಿತು, ಫೈಲು ಇನ್ನೊಂದು ಹೆಸರಿನಲ್ಲಿ ಆರಾಮವಾಗಿದೆ. ಸೊನ್ನೆಯಾಗಿದ್ದರೂ ಕರ್ನಲ್ ಇನ್ನೊಂದು ಮಾತು ವಿಚಾರಿಸುತ್ತದೆ: ಈ ಫೈಲನ್ನು ಈಗ ಯಾರಾದರೂ ತೆರೆದಿಟ್ಟುಕೊಂಡಿದ್ದಾರೆಯೇ? ಇದ್ದರೆ ಅವರು ಮುಚ್ಚುವವರೆಗೂ ಕಾಯುತ್ತದೆ. ಹೆಸರೂ ಇಲ್ಲ, ತೆರೆದವರೂ ಇಲ್ಲ ಎಂದಾದ ಮೇಲಷ್ಟೇ ಆ ಬ್ಲಾಕುಗಳನ್ನು ಖಾಲಿ ಎಂದು ಗುರುತು ಮಾಡುತ್ತದೆ.

ಈ ಕಾಯುವಿಕೆಯ ರುಚಿ ಹೆಬ್ಬಾಳದಾಚೆ ಮಾನ್ಯತಾ ಟೆಕ್ ಪಾರ್ಕಿನಂಥ ಕಡೆ ಸರ್ವರ್ ನೋಡಿಕೊಳ್ಳುವ ಹುಡುಗರಿಗೆ ಚೆನ್ನಾಗಿ ಗೊತ್ತು. ರಾತ್ರಿ ಪಾಳಿಯಲ್ಲಿ ಡಿಸ್ಕ್ ಫುಲ್ ಎಂದು ಅಲರ್ಟ್ ಬರುತ್ತದೆ. ಪ್ರೋಗ್ರಾಂ ತನ್ನ ದಿನಚರಿ ಬರೆಯುತ್ತ ಬೆಟ್ಟದಂತೆ ಬೆಳೆಸಿದ ಲಾಗ್ ಫೈಲೊಂದು ಸಿಗುತ್ತದೆ, ಅಳಿಸುತ್ತಾರೆ. ಮತ್ತೆ ನೋಡಿದರೆ ಡಿಸ್ಕ್ ಫುಲ್ಲೇ ಇದೆ. ಡೈರೆಕ್ಟರಿಗಳನ್ನು ಸುತ್ತಿ ಕೂಡಿ ಲೆಕ್ಕ ಹೇಳುವ ‘ಡಿಯು’ ಕಮಾಂಡು ಜಾಗ ಬಿಡುವಾಗಿದೆ ಎನ್ನುತ್ತದೆ, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಂನ ಖಾತೆಯನ್ನೇ ಕೇಳುವ ‘ಡಿಎಫ್’ ಇಲ್ಲ ಎನ್ನುತ್ತದೆ. ಎರಡೂ ನಿಜ. ಲಾಗ್ ಬರೆಯುತ್ತಿದ್ದ ಪ್ರೋಗ್ರಾಂ ಫೈಲನ್ನು ಇನ್ನೂ ಹಿಡಿದುಕೊಂಡಿದೆ, ಹೆಸರಿಲ್ಲದ ಆ ಫೈಲಿಗೆ ಬರೆಯುತ್ತಲೂ ಇದೆ. ಆ ಪ್ರೋಗ್ರಾಂ ನಿಲ್ಲಿಸಿ ಮತ್ತೆ ಶುರುಮಾಡಿದಾಗ ಜಾಗ ಬಿಡುಗಡೆಯಾಗುತ್ತದೆ.

ಇದನ್ನು ತೊಡಕು ಎಂದು ಬೈಯುವವರಿದ್ದಾರೆ. ನನಗಿದು ಯುನಿಕ್ಸ್‌ನ ಅತಿ ಸುಂದರ ತೀರ್ಮಾನಗಳಲ್ಲಿ ಒಂದಾಗಿ ಕಾಣುತ್ತದೆ. ಓಡುತ್ತಿರುವ ಪ್ರೋಗ್ರಾಮಿನ ಕಾಲಕೆಳಗಿನ ನೆಲವನ್ನು ಇದು ಕಸಿಯುವುದಿಲ್ಲ. ಸರ್ವರ್ ನಿಲ್ಲಿಸದೆಯೇ ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಹಳೇ ಲೈಬ್ರರಿ ಫೈಲಿನ ಹೆಸರು ತೆಗೆದು ಅದೇ ಹೆಸರಿನಲ್ಲಿ ಹೊಸದನ್ನು ತಂದಿಡಬಹುದು. ಹಳೆಯದನ್ನು ಹಿಡಿದವರು ಹಳೆಯದರಲ್ಲೇ ಕೆಲಸ ಮುಗಿಸುತ್ತಾರೆ, ಹೊಸದಾಗಿ ಬಂದವರಿಗೆ ಹೊಸದು ಸಿಗುತ್ತದೆ. ವಿಂಡೋಸ್ ಬಹುಕಾಲ ಬೇರೆ ದಾರಿ ಹಿಡಿದಿತ್ತು. ‘ಈ ಫೈಲು ಬೇರೆ ಪ್ರೋಗ್ರಾಮಿನಲ್ಲಿ ತೆರೆದಿದೆ’ ಎಂದು ಅದು ಡಿಲೀಟನ್ನು ನಿರಾಕರಿಸುವುದನ್ನು ಯಾರು ನೋಡಿಲ್ಲ!

ಇಡೀ ಫೋಲ್ಡರನ್ನು ಅಳಿಸುವ ಕತೆ ಇನ್ನೂ ನಿಧಾನದ್ದು. ಒಳಗಿರುವುದೆಲ್ಲ ಹೋಗಲಿ ಎಂದು ಒಂದೇ ಏಟಿಗೆ ಕೇಳುವ ಸಿಸ್ಟಂ ಕಾಲ್ ಯುನಿಕ್ಸ್‌ನಲ್ಲೂ ಲಿನಕ್ಸ್‌ನಲ್ಲೂ ಇಲ್ಲ. ‘ಆರ್‌ಎಂ’ ಕಮಾಂಡು ಡೈರೆಕ್ಟರಿಯ ಸಾಲುಗಳನ್ನು ಓದಿಕೊಂಡು ಒಂದೊಂದಕ್ಕೂ ಬೇರೆ ಬೇರೆಯಾಗಿ ಅನ್‌ಲಿಂಕ್ ಕೇಳುತ್ತದೆ. ಒಳಗೆ ಇನ್ನೊಂದು ಡೈರೆಕ್ಟರಿ ಸಿಕ್ಕರೆ ಅದರೊಳಗೆ ಇಳಿದು ಅಲ್ಲಿಯೂ ಅದೇ ಕೆಲಸ. ಎಲ್ಲ ಖಾಲಿಯಾದ ಮೇಲೆ ಖಾಲಿ ಡೈರೆಕ್ಟರಿಯನ್ನು ತೆಗೆಯಲು ಮತ್ತೊಂದು ಕಾಲ್. ಲಕ್ಷಾಂತರ ಚಿಕ್ಕ ಫೈಲುಗಳಿರುವ ಫೋಲ್ಡರು ಅಳಿಯಲು ಒಂದು ದೊಡ್ಡ ಸಿನಿಮಾ ಫೈಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು ಇದಕ್ಕೇ.

ನಡುವೆ ಕರೆಂಟು ಹೋದರೆ? ಅರ್ಧ ಫೈಲುಗಳು ಹೋಗಿ ಅರ್ಧ ಉಳಿದಿರುತ್ತವೆ. ಒಂದೊಂದು ಫೈಲಿನ ಮಟ್ಟದಲ್ಲಿ ಮಾತ್ರ ಗೊಂದಲವಾಗದಂತೆ ಈಗಿನ ಫೈಲ್ ಸಿಸ್ಟಂಗಳು ನೋಡಿಕೊಳ್ಳುತ್ತವೆ. ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಂಡು ಆಮೇಲೆ ಕೈಹಾಕುತ್ತವೆ. ಹೆಸರು ಹೋಗಿ ಯಾರೋ ತೆರೆದಿಟ್ಟುಕೊಂಡಿದ್ದ ಫೈಲುಗಳಿಗೆ ಲಿನಕ್ಸ್‌ನ ಎಕ್ಸ್‌ಟ್4 ಫೈಲ್ ಸಿಸ್ಟಂ ಡಿಸ್ಕಿನಲ್ಲಿ ಪ್ರತ್ಯೇಕ ಪಟ್ಟಿ ಇಡುತ್ತದೆ. ಅದರ ಹೆಸರೇ ಅನಾಥರ ಪಟ್ಟಿ. ಕರೆಂಟು ಬಂದು ಯಂತ್ರ ಮತ್ತೆ ಎದ್ದಾಗ ಅವುಗಳ ವಿಲೇವಾರಿ ಮುಗಿಸಿಯೇ ಮುಂದಿನ ಕೆಲಸ.

ಇಷ್ಟೆಲ್ಲ ಆದರೂ ಆಧಾರ್ ಕಾರ್ಡಿನ ಚಿತ್ರವಿದ್ದ ಬ್ಲಾಕುಗಳನ್ನು ಯಾರೂ ಮುಟ್ಟಿಲ್ಲ ಎಂಬುದನ್ನು ಗಮನಿಸಿ. ಖಾಲಿ ಎಂದು ಗುರುತಾಗಿದೆಯೇ ಹೊರತು ಒರೆಸಿಲ್ಲ. ಆರನೇ ಆವೃತ್ತಿಯ ಯುನಿಕ್ಸ್ ಡೈರೆಕ್ಟರಿಯ ಸಾಲಿನಲ್ಲಿ ನಂಬರಿನ ಜಾಗಕ್ಕೆ ಸೊನ್ನೆ ಬರೆದು ಸುಮ್ಮನಾಗುತ್ತಿತ್ತು, ಹೆಸರು ಕೂಡ ಹಾಗೇ ಉಳಿಯುತ್ತಿತ್ತು. ಲಿನಕ್ಸ್‌ನ ಎಕ್ಸ್‌ಟ್2ರಲ್ಲಿ ಹಿಂದಿನ ಸಾಲಿನ ಉದ್ದವನ್ನು ಹಿಗ್ಗಿಸಿ ಅಳಿದ ಸಾಲನ್ನು ಅದರೊಳಗೆ ಅಡಗಿಸುತ್ತಿದ್ದರು. ಹೆಸರಿನ ಬೈಟುಗಳನ್ನೂ ಸೊನ್ನೆ ಮಾಡುವ ಪದ್ಧತಿ ಎಕ್ಸ್‌ಟ್4ಕ್ಕೆ ಬಂದದ್ದು 2021ರಲ್ಲಿ. ಪೆನ್‌ಡ್ರೈವುಗಳಲ್ಲಿ ಇಂದಿಗೂ ಕಾಣುವ ಫ್ಯಾಟ್ ಪದ್ಧತಿಯದು ಇನ್ನೂ ಸ್ವಾರಸ್ಯದ ರೀತಿ. ಅಳಿಸಿದ ಫೈಲಿನ ಹೆಸರಿನ ಮೊದಲ ಅಕ್ಷರದ ಮೇಲೆ 229 ಬೆಲೆಯ ಒಂದು ಬೈಟನ್ನು ಬರೆಯುತ್ತದೆ. ಡಾಸ್ ಕಾಲದಲ್ಲಿ ‘ಅನ್‌ಡಿಲೀಟ್’ ಕಮಾಂಡು ಕೊಟ್ಟವರಿಗೆ ನೆನಪಿರಬಹುದು, ಕಳೆದ ಫೈಲನ್ನು ಹುಡುಕಿಕೊಟ್ಟು ಅದು ಕೇಳುತ್ತಿದ್ದುದು ಹೆಸರಿನ ಮೊದಲ ಅಕ್ಷರವನ್ನು. ಹೆಸರಿನಲ್ಲಿ ಆ ಒಂದಕ್ಷರ ಮಾತ್ರ ನಿಜಕ್ಕೂ ಅಳಿದಿರುತ್ತಿತ್ತು.

ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಹೆಚ್ಚಾಗಿ ಇರುವುದು ವಿಂಡೋಸ್, ಅದರ ಎನ್‌ಟಿಎಫ್‌ಎಸ್ ಫೈಲ್ ಸಿಸ್ಟಂ. ಡಿಲೀಟ್ ಗುಂಡಿ ಒತ್ತಿದರೆ ಅಲ್ಲಿ ಡಿಲೀಟ್ ಕೂಡ ಆಗುವುದಿಲ್ಲ. ಹೆಸರು ಬದಲಾಗಿ ಫೈಲು ರಿಸೈಕಲ್ ಬಿನ್‌ಗೆ ಸೇರುತ್ತದೆ. ಮೊದಲು ಎಲ್ಲಿತ್ತು, ಯಾವಾಗ ಅಳಿಸಿದರು ಎಂಬ ಟಿಪ್ಪಣಿ ಬೇರೆ ಪಕ್ಕದಲ್ಲೇ ಇನ್ನೊಂದು ಚಿಕ್ಕ ಫೈಲಾಗಿ ಕೂರುತ್ತದೆ. ಬಿನ್ ಖಾಲಿ ಮಾಡಿದಾಗ, ಇಲ್ಲವೇ ಶಿಫ್ಟ್ ಹಿಡಿದು ಡಿಲೀಟ್ ಒತ್ತಿದಾಗ, ಡೈರೆಕ್ಟರಿಯ ಸಾಲು ಹೋಗಿ, ಫೈಲಿನ ದಾಖಲೆಗೆ ‘ಬಳಕೆಯಲ್ಲಿಲ್ಲ’ ಎಂಬ ಗುರುತು ಬಿದ್ದು, ಜಾಗ ಬಿಡುವಾಯಿತೆಂದು ಡಿಸ್ಕಿನ ನಕ್ಷೆಯಲ್ಲಿ ದಾಖಲಾಗುತ್ತದೆ. ಇದಲ್ಲದೆ ಫೋಲ್ಡರಿನಲ್ಲಿ ಚಿತ್ರಗಳು ಪುಟ್ಟದಾಗಿ ಕಾಣಲೆಂದು ವಿಂಡೋಸ್ ಒಂದು ಥಂಬ್‌ನೇಲ್ ಕಡತ ಇಟ್ಟುಕೊಂಡಿರುತ್ತದೆ. ಮೂಲ ಫೋಟೋ ಅಳಿದ ಮೇಲೂ ಅದರ ಪುಟ್ಟ ಪ್ರತಿ ಅಲ್ಲಿ ಉಳಿದಿರಬಹುದು. “ಇಲ್ಲಿಲ್ಲ” ಎಂದ ಅಂಗಡಿಯವರಿಗೆ ಇಂಥದೊಂದು ಇದೆ ಎಂಬುದೇ ತಿಳಿದಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ.

ಇದು ಬರೀ ಸಿದ್ಧಾಂತದ ಭಯ ಎನ್ನುವವರಿಗೆ ಹಳೇ ಉದಾಹರಣೆಯೊಂದಿದೆ. ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಿಂದ 158 ಹಾರ್ಡ್ ಡಿಸ್ಕ್ ಕೊಂಡು ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಲು ಬಂದ 129ರಲ್ಲಿ ಸರಿಯಾಗಿ ಒರೆಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ನಂಬರುಗಳು, ವೈದ್ಯಕೀಯ ಪತ್ರಗಳು, ಖಾಸಗಿ ಮೇಲ್‌ಗಳು ಸಿಕ್ಕಿದವು. ಬೆಂಗಳೂರಿನಲ್ಲಿ ಹಳೇ ಕಂಪ್ಯೂಟರಿನ ಭಾಗಗಳು ಕೈಬದಲಾಗುವ ಎಸ್‌ಪಿ ರೋಡಿನಂಥ ಜಾಗಗಳನ್ನು ನೆನೆದಾಗ ಆ ಅಂಕಿ ನನಗೆ ದೂರದ್ದೆನಿಸುವುದಿಲ್ಲ. ಅಂಗಡಿಯ ಹಳೇ ಸಿಪಿಯು ಒಂದು ದಿನ ಹೋಗುವುದು ಅಲ್ಲಿಗೋ ಗುಜರಿಗೋ ತಾನೆ.

ಎಸ್‌ಎಸ್‌ಡಿಗಳು ಬಂದ ಮೇಲೆ ಚಿತ್ರ ಸ್ವಲ್ಪ ಬದಲಾಗಿದೆ. ಒಮ್ಮೆ ಬರೆದ ಜಾಗದ ಮೇಲೆ ಅವು ನೇರವಾಗಿ ತಿದ್ದಿ ಬರೆಯಲಾರವು, ಮೊದಲು ದೊಡ್ಡ ತುಂಡನ್ನೇ ಅಳಿಸಬೇಕು. ಅದಕ್ಕಾಗಿ ಯಾವ ಬ್ಲಾಕು ಬೇಡವಾಯಿತು ಎಂದು ಆಪರೇಟಿಂಗ್ ಸಿಸ್ಟಂ ಡ್ರೈವಿಗೆ ತಿಳಿಸುತ್ತದೆ. ಇದಕ್ಕೆ ಟ್ರಿಮ್ ಎನ್ನುತ್ತಾರೆ. ಟ್ರಿಮ್ ಆದ ಜಾಗವನ್ನು ಮತ್ತೆ ಓದಿದರೆ ಬಹಳಷ್ಟು ಡ್ರೈವುಗಳು ಬರೀ ಸೊನ್ನೆ ಕೊಡುತ್ತವೆ, ಮರಳಿ ಪಡೆಯುವುದು ಕಷ್ಟ. ಫೋನುಗಳದು ಇನ್ನೂ ಗಟ್ಟಿ ಏರ್ಪಾಡು. ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಿಂದ ಮುಂದಕ್ಕೆ ಒಳಗಿನ ಮಾಹಿತಿಯೆಲ್ಲ ಗೂಢಲಿಪಿಯಲ್ಲಿರುವುದು ಕಡ್ಡಾಯ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದರ ಕೀಲಿಯೇ ನಾಶವಾಗುತ್ತದೆ, ಉಳಿದ ಬೈಟುಗಳಿಂದ ಯಾರಿಗೂ ಉಪಯೋಗವಿಲ್ಲ. ಅಂಗಡಿಯ ಹಳೇ ಹಾರ್ಡ್ ಡಿಸ್ಕಿಗೆ ಈ ಎರಡು ಭಾಗ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಹೆಸರು ಅಳಿಸುವುದಕ್ಕೂ ದಾಖಲೆ ಅಳಿಸುವುದಕ್ಕೂ ಇರುವ ವ್ಯತ್ಯಾಸ ನಮ್ಮ ನ್ಯಾಯಾಲಯದ ಮುಂದೆಯೂ ಬಂದಿದೆ. 2017ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಆನಂದ ಬೈರಾರೆಡ್ಡಿ ಅವರ ಮುಂದೆ ತಂದೆಯೊಬ್ಬರು ಅರ್ಜಿ ಹಾಕಿದ್ದರು. ಹಿಂದೆ ಮುಗಿದುಹೋದ ಪ್ರಕರಣವೊಂದರ ಆದೇಶದಲ್ಲಿ ಮಗಳ ಹೆಸರಿದೆ, ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಿಗುತ್ತದೆ, ಅವಳ ಸಂಸಾರಕ್ಕೂ ಮಾನಕ್ಕೂ ಧಕ್ಕೆಯಾಗುತ್ತದೆ ಎಂಬುದು ಅವರ ಅಳಲು. ಸಾರ್ವಜನಿಕ ಹುಡುಕಾಟದಲ್ಲಿ ಆ ಹೆಸರು ಕಾಣಿಸದಂತೆ ನೋಡಿಕೊಳ್ಳಲು ರಿಜಿಸ್ಟ್ರಿ ಪ್ರಯತ್ನಿಸಬೇಕು ಎಂದು ನ್ಯಾಯಾಲಯ ಹೇಳಿತು. ಜೊತೆಗೇ, ಆದೇಶದ ದೃಢೀಕೃತ ಪ್ರತಿ ಕೇಳಿದವರಿಗೆ ಹೆಸರು ಇದ್ದ ಹಾಗೆಯೇ ಸಿಗುತ್ತದೆ ಎಂದೂ ಸ್ಪಷ್ಟಪಡಿಸಿತು. ದಾರಿ ಮುಚ್ಚಿತು, ದಾಖಲೆ ಉಳಿಯಿತು. ಯಾವುದನ್ನು ಮಾಡುತ್ತಿದ್ದೇವೆ, ಯಾವುದನ್ನು ಮಾಡುತ್ತಿಲ್ಲ ಎಂದು ಇಷ್ಟು ಬಿಡಿಸಿ ಹೇಳಿದ ಆ ಆದೇಶದ ಪ್ರಾಮಾಣಿಕತೆ ನಮ್ಮ ಡಿಲೀಟ್ ಗುಂಡಿಗಳಿಗೂ ಬರಬೇಕು. ಅದೇ ವರ್ಷ ಆಗಸ್ಟ್ 24ರಂದು, ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಅವರು ಪ್ರಶ್ನಿಸಿದ್ದು ಆಧಾರ್ ಯೋಜನೆಯನ್ನೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಳಿಸಿ ಎಂದು ಕೇಳುವ ಹಕ್ಕನ್ನೂ ಕೊಟ್ಟಿದೆ. ಹಾಗೆ ಕೇಳಿದಾಗ ಆಗಬೇಕಾದ್ದು ಅನ್‌ಲಿಂಕ್ ಒಂದೇ ಆದರೆ ಸಾಲದು.

ಜೆರಾಕ್ಸ್ ಅಂಗಡಿಯ ಮಟ್ಟಿಗೆ ಮಾಡಬಹುದಾದ ಕೆಲಸಗಳು ಹೆಚ್ಚು ಖರ್ಚಿನವಲ್ಲ. ವಿಂಡೋಸ್‌ನಲ್ಲಿ ‘ಸೈಫರ್’ ಎಂಬ ಕಮಾಂಡಿದೆ. ಅದಕ್ಕೆ ‘ಡಬ್ಲ್ಯು’ ಆಯ್ಕೆ ಸೇರಿಸಿ ಕೊಟ್ಟರೆ ಡ್ರೈವಿನ ಖಾಲಿ ಜಾಗದ ಮೇಲೆಲ್ಲ ಮೂರು ಸುತ್ತು ಬರೆದು ಹಳೆಯದನ್ನು ಮುಚ್ಚುತ್ತದೆ. ತುಂಬ ಹೊತ್ತು ಹಿಡಿಯುವ ಕೆಲಸವಾದ್ದರಿಂದ ಭಾನುವಾರ ಬಾಗಿಲು ಹಾಕುವಾಗ ಹಚ್ಚಿಟ್ಟು ಹೋಗಬಹುದು. ಹೊಸ ಯಂತ್ರ ಕೊಂಡರೆ ಮೊದಲ ದಿನವೇ ಡಿಸ್ಕ್ ಎನ್‌ಕ್ರಿಪ್ಷನ್ ಹಾಕಿಸಿಬಿಟ್ಟರೆ ಮಾರುವ ದಿನ ಚಿಂತೆಯಿಲ್ಲ. ಗಿರಾಕಿಗಳ ಕಡೆಯಿಂದ ಆಗಬೇಕಾದ್ದೂ ಇದೆ. ಪೂರ್ತಿ ನಂಬರು ಬೇಡವಾದ ಕಡೆಗೆ ಮಾಸ್ಕ್ಡ್ ಆಧಾರನ್ನೇ ಕಳಿಸಿ. ಪ್ರಕಟಣೆ ಹಿಂದಕ್ಕೆ ಹೋದರೂ ಆಧಾರ್ ವೆಬ್‌ಸೈಟಿನಲ್ಲಿ ಆ ಸೌಲಭ್ಯ ಹಾಗೇ ಇದೆ. ಇ-ಖಾತಾದಂಥ ಕೆಲಸಕ್ಕೆ ಎಲ್ಲ ಕಾಗದವನ್ನೂ ಕೊಡಲೇಬೇಕಾದಾಗ ಮಾತ್ರ ಅಂಗಡಿಯ ಅಣ್ಣನನ್ನು ಇನ್ನೊಂದು ಪ್ರಶ್ನೆ ಕೇಳಿ: ಈ ಕಂಪ್ಯೂಟರ್ ಹಳೇದಾದ ಮೇಲೆ ಇದರ ಡಿಸ್ಕನ್ನ ಏನ್ ಮಾಡ್ತೀರಿ?